ಪಾಲಾದ ಟೆಂಟು

ನಗುವುದಾದರೆ ಹೇಳಿ ಮುಗಿಸಿದ ಮೇಲೆ ನಗಿ... ಆಗಲೂ ನಗು ಬಂದರೆ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನ್ನ ಚಿಕ್ಕಮ್ಮನ ಹಿರಿಮಗನಿಗೆ ಆದದ್ದು. ಅಂಗಡಿ, ಗಿರಣಿ, ಗೋದಾಮುಗಳ ತೂಕದ ಯಂತ್ರ ರಿಪೇರಿ ಮಾಡುತ್ತಾ ಊರೂರು ಸುತ್ತುವುದು ಅವನ ಕಸುಬು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ತಕ್ಕಡಿಯಣ್ಣ.

ಅವತ್ತು ರಾತ್ರಿ ಅವನು ಹೆದ್ದಾರಿ ಪಕ್ಕದ ಒಂದು ಟೆಂಟು ಮೈದಾನದಲ್ಲಿ ತಂಗಿದ್ದ. ದೂರ ಹೋಗುವವರು ಗಾಡಿ ನಿಲ್ಲಿಸಿ, ಟೆಂಟು ಹಾಕಿ, ರಾತ್ರಿ ಕಳೆದು ಹೊರಡುವ ಜಾಗ. ಗೇಟಿನಲ್ಲಿ ಒಬ್ಬ ಕಾವಲುಗಾರ. ಆ ತುದಿಯಲ್ಲಿ ನಲ್ಲಿ, ಕಕ್ಕಸು. ನಡುವೆ ಹಳೇ ಬಾವಿ, ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಲರಿ. ಅವತ್ತು ಬೇರೆ ಪ್ರಯಾಣಿಕರು ಒಬ್ಬರೂ ಇರಲಿಲ್ಲ. ತಕ್ಕಡಿಯಣ್ಣ ನಲ್ಲಿಯಲ್ಲಿ ತಟ್ಟೆ ತೊಳೆದುಕೊಂಡು ಬಾವಿಯ ಪಕ್ಕದಲ್ಲಿ ವಾಪಸು ಬರುತ್ತಿದ್ದ. ಅವನ ಚಪ್ಪಲಿಯ ಸದ್ದು... ಚರಕ್, ಚರಕ್. ಅದರ ಹಿಂದೆ ಇನ್ನೊಂದು ಸದ್ದು. ಬರಿಗಾಲಿನದು. ತಪ್... ತಪ್...

ನಿಂತ. ಅದೂ ನಿಂತಿತು.

ತಿರುಗಿ ಟಾರ್ಚು ಬಿಟ್ಟ. ಹುಲ್ಲು, ಜಾಲರಿ. ಅಷ್ಟೇ. ಬೇರೆಯವರಾಗಿದ್ದರೆ ಎದೆ ಝಲ್ ಅನ್ನುತ್ತಿತ್ತು. ಇವನಿಗೆ ಹೆದರಿಕೆಗೆ ಪುರುಸೊತ್ತಿರಲಿಲ್ಲ, ಮೈಯೆಲ್ಲ ಸಿಟ್ಟೇ ತುಂಬಿಕೊಂಡಿತ್ತು. ಆ ಸಿಟ್ಟು ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಅವರಪ್ಪನದೂ ಇದೇ ಕಸುಬು. ರಜೆ ಬಂತೆಂದರೆ ಇಬ್ಬರು ಗಂಡುಮಕ್ಕಳನ್ನೂ ವ್ಯಾನಿಗೆ ಹಾಕಿಕೊಂಡು ಹೊರಡುವನು. ರಾತ್ರಿ ಮಲಗುವುದು ಇಂಥ ಮೈದಾನಗಳಲ್ಲೇ. ದಪ್ಪ ಕ್ಯಾನ್ವಾಸಿನ ಟೆಂಟು, ಮುಂದೊಂದು ಕಂಬ, ಹಿಂದೊಂದು ಕಂಬ. ಅಣ್ಣ ಕಂಬ ಹಿಡಿಯಬೇಕು, ತಮ್ಮ ಗೂಟ ಹೊಡೆಯಬೇಕು. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಒಂದೇ ಕಂಬಳಿಗೆ ಇಬ್ಬರೂ ಕಿತ್ತಾಡಿಕೊಂಡು, ಕಾಲಲ್ಲಿ ಒದ್ದಾಡಿಕೊಂಡು, ನಕ್ಕು ನಕ್ಕು ಅಪ್ಪನ ಕೈಲಿ ಬೈಸಿಕೊಂಡು ಮಲಗಿದವರು ಅವರು.

ಅಪ್ಪ ಹೋದ ಮೇಲೆ ಪಾಲಾಯಿತು. ವ್ಯಾನು ಅಣ್ಣನಿಗೆ, ಊರಿನ ರಿಪೇರಿ ಅಂಗಡಿ ತಮ್ಮನಿಗೆ. ಪಾತ್ರೆಪಗಡವೂ ಹಂಚಿಹೋಯಿತು. ಕೊನೆಗೆ ಉಳಿದದ್ದು ಟೆಂಟು. ಇಬ್ಬರಿಗೂ ಅದೇ ಬೇಕು. ಮಾತಿಗೆ ಮಾತು ಬೆಳೆದು ತಕ್ಕಡಿಯಣ್ಣ ಎದ್ದು ನಿಂತ.

"ಬಟ್ಟೆ ನಂಗೆ. ಕಂಬ, ಗೂಟ, ಸುತ್ತಿಗೆ ನಿಂಗೆ. ಸಮಸಮ ಆಯ್ತಲ್ಲ?"

ಸಮಸಮವಂತೆ! ಒಬ್ಬನ ಹತ್ತಿರ ನಿಲ್ಲಲಾರದ ಬಟ್ಟೆ, ಇನ್ನೊಬ್ಬನ ಹತ್ತಿರ ಹೊದಿಕೆಯಿಲ್ಲದ ಕೋಲು. ನಾವೆಲ್ಲ ಮುಸಿಮುಸಿ ನಕ್ಕೆವು. ಚಿಕ್ಕಮ್ಮ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ ಕತೆಯಿಲ್ಲ.

ಹೊಸದೊಂದು ಟೆಂಟು ತಗೋ ಅಂದರೆ ಕೇಳುವವನೇ? "ಅಪ್ಪಂದು ಇದೆಯಲ್ಲ" ಅನ್ನುವನು. ಆ ಬಟ್ಟೆಯ ಒಂದು ಅಂಚನ್ನು ವ್ಯಾನಿನ ಮೇಲಿನ ಕಂಬಿಗೆ ಕಟ್ಟಿ, ಇನ್ನೊಂದು ಅಂಚಿನ ಮೇಲೆ ಕಲ್ಲು ಹೇರಿ, ಅದರಡಿ ನಾಯಿಯ ಹಾಗೆ ಮುದುಡಿಕೊಂಡು ಮಲಗುವನು. ವರ್ಷಗಟ್ಟಲೆ ಹೀಗೇ ಮಲಗಿದ. ಹಟ ಅಂದರೆ ಹಟ.

ಅವತ್ತು ಮಧ್ಯಾಹ್ನ ತಮ್ಮನ ಹೆಂಡತಿ ಫೋನು ಮಾಡಿದ್ದಳು.

"ಭಾವ, ಇವರಿಗೆ ತುಂಬ ಹುಷಾರಿಲ್ಲ. ನಿಮ್ಮನ್ನ ನೋಡ್ಬೇಕು ಅಂತಿದಾರೆ. ಒಂದ್ಸಲ ಬಂದು ಹೋಗಿ."

ತಮ್ಮ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಅದು ಇವನಿಗೆ ಗೊತ್ತಿಲ್ಲದ್ದೇನಲ್ಲ, ನಾನೇ ಹೇಳಿದ್ದೆ. ಆದರೂ ಇವನ ಬಾಯಲ್ಲಿ ಬಂದದ್ದು ಏನು ಗೊತ್ತೇ?

"ಕಂಬ ಹೊತ್ಕೊಂಡು ಹೋದವನು ಅವನು. ನೋಡ್ಬೇಕಿದ್ರೆ ಅವನೇ ಬರ್ಲಿ."

"ಅಯ್ಯೋ ಭಾವ, ಎದ್ದು ಕೂತ್ಕೊಳ್ಳೋಕೂ..."

ಅಷ್ಟಕ್ಕೇ ಕತ್ತರಿಸಿ ಫೋನನ್ನೇ ಆಫ್ ಮಾಡಿಬಿಟ್ಟ.

ಹೀಗೆ ಕುದಿಯುತ್ತಾ ಬಂದು ಮಲಗಿದ್ದ. ಗಾಳಿ ಇರಲಿಲ್ಲ. ಕ್ಯಾನ್ವಾಸು ಜೋತು ಬಿದ್ದು ಮೂಗಿಗೆ ತಾಗುತ್ತಿತ್ತು. ಕಣ್ಣು ಹತ್ತುವಷ್ಟರಲ್ಲಿ... ಟಣ್... ಟಣ್... ಟಕ್.

ಕಣ್ಣು ಬಿಟ್ಟ.

ಟಣ್... ಟಣ್... ಟಕ್. ಎರಡು ಪೆಟ್ಟು ಜೋರು, ಮೂರನೆಯದು ಮೆತ್ತಗೆ. ಆಮೇಲೆ ಹೂಫ್ ಅಂತ ಒಂದು ಉಸಿರು. ಹಾಗೆ ಗೂಟ ಹೊಡೆಯುವವನು ಲೋಕದಲ್ಲಿ ಒಬ್ಬನೇ. ತಕ್ಕಡಿಯಣ್ಣನ ಎದೆ ಡವಡವ ಅಂದಿತು. ಹೆದರಿ ಅಲ್ಲ... ಗೆದ್ದೆ ಅಂತ. ಬರಲಿ ಅಂದೆ, ಬಂದ ನೋಡು ಅಂತ!

ಗೂಟಗಳು ಒಂದೊಂದಾಗಿ ನೆಲಕ್ಕಿಳಿಯುತ್ತಾ ಸುತ್ತು ಬಂದವು. ಹಗ್ಗ ಬಿಗಿಯಿತು... ಕಿರ್ರ್. ತಲೆಯ ಮೇಲೆ ಬಟ್ಟೆ ವ್ಯಾನಿನ ಕಂಬಿಯಿಂದ ಫಟ್ ಅಂತ ಬಿಚ್ಚಿಕೊಂಡು ಮೇಲೆದ್ದಿತು. ಬಟ್ಟೆಯ ಆಚೆಯಿಂದ ಪಿಸುದನಿ.

"ಅಣ್ಣಾ... ಆ ಕಡೆ ಹಿಡ್ಕೊಳ್ಳೋ."

ಇವನು ಮಗ್ಗುಲು ಬದಲಿಸಿ ಕಣ್ಣು ಮುಚ್ಚಿಕೊಂಡ.

"ಅಣ್ಣಾ... ಒಬ್ಬನ ಕೈಲಿ ಆಗ್ತಿಲ್ಲ ಕಣೋ."

ಆಗ ಇವನು ಏನು ಮಾಡಿದ ಗೊತ್ತೇ? ಗೊರಕೆ ಹೊಡೆದ. ಬೇಕೆಂದೇ. ಗೊರ್... ಗೊರ್... ಸ್ವಲ್ಪ ಒದ್ದಾಡಲಿ, ಇಷ್ಟು ವರ್ಷ ನಾನು ಒದ್ದಾಡಿಲ್ಲವೇ ಅಂತ. ಬೆಳಿಗ್ಗೆ ಎದ್ದು ಮೊದಲು ಚಹಾ ಮಾಡಿಕೊಡುವುದು, ಆಮೇಲೆ ಚೆನ್ನಾಗಿ ಬೈಯುವುದು, ಆಮೇಲೆ ಮಾತಾಡುವುದು... ಹೀಗೆ ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದ ಪಾಪಿ. ಇದನ್ನು ಅವನೇ ನನಗೆ ಹೇಳಿದ್ದು, ಅಳುತ್ತಾ.

ಹೊರಗೆ ಯಾರೋ ನೆಲಕ್ಕೆ ಕುಳಿತ ಸದ್ದಾಯಿತು. ತುಂಬ ಹೊತ್ತು ಬರೀ ಉಸಿರು... ಸುಯ್... ಸುಯ್... ಆಮೇಲೆ ತಪ್... ತಪ್... ಬರಿಗಾಲು ದೂರ ಹೋಯಿತು. ಇವನಿಗೆ ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ನಿಜವಾಗಿಯೇ ನಿದ್ದೆ ಬಂತು.

ಬೆಳಿಗ್ಗೆ ಎದ್ದರೆ ಟೆಂಟು ನೆಟ್ಟಗೆ ನಿಂತಿದೆ! ಅಪ್ಪನ ಕಾಲದಲ್ಲಿ ನಿಲ್ಲುತ್ತಿದ್ದ ಹಾಗೆ, ಒಂದು ಸುಕ್ಕಿಲ್ಲದೆ. ಇವನು ನಗುತ್ತಾ ಎರಡು ಲೋಟ ತೆಗೆದಿಟ್ಟ. ಮೇಲೇಳುವಾಗ ಚಿಕ್ಕಂದಿನ ಅಭ್ಯಾಸದಂತೆ ಮುಂದಿನ ಕಂಬ ಹಿಡಿಯಲು ಕೈ ಚಾಚಿದ. ಕೈಗೆ ಏನೂ ಸಿಗಲಿಲ್ಲ. ಕಂಬ ಇರಬೇಕಾದ ಜಾಗದಲ್ಲಿ ಕೈ ಆಚೆಗೂ ಈಚೆಗೂ ಆಡಿಸಿದ. ಗಾಳಿ. ಹಿಂದೆ ತಿರುಗಿದ. ಅಲ್ಲೂ ಕಂಬ ಇಲ್ಲ. ಮೇಲೆ ಬಟ್ಟೆ ಮಾತ್ರ ಬಿಗಿಯಾಗಿ, ಯಾವುದರ ಮೇಲೂ ಅಲ್ಲದೆ ನಿಂತಿತ್ತು.

"ತಮ್ಮಾ..." ಅಂದ. ಎಷ್ಟೋ ವರ್ಷಗಳ ಮೇಲೆ ಆ ಮಾತು ಅವನ ಬಾಯಿಂದ ಬಂದದ್ದು.

ಟೆಂಟು ಕುಸಿಯಿತು. ದಡ್ ಅಂತ ಅಲ್ಲ. ಉಸ್ಸ್... ಅಂತ, ಮೆಲ್ಲಗೆ, ರಾತ್ರಿಯೆಲ್ಲ ಎತ್ತಿ ಹಿಡಿದಿದ್ದವರು ಕೈ ಬಿಟ್ಟ ಹಾಗೆ. ಇವನು ಬಟ್ಟೆಯೊಳಗಿಂದ ತಡಕಾಡಿಕೊಂಡು ಹೊರಗೆ ಬಂದು ನೋಡಿದರೆ ಸುತ್ತಲೂ ಗೂಟದ ಹಸಿ ತೂತುಗಳು. ಗೂಟ ಒಂದೂ ಇಲ್ಲ. ಕಾವಲುಗಾರನನ್ನು ಕೇಳಿದ.

"ರಾತ್ರಿ ಯಾರಾದ್ರೂ ಬಂದಿದ್ರಾ?"

"ಗೇಟೇ ತೆಗೆದಿಲ್ಲ ಸಾರ್. ಯಾಕೆ?"

ಫೋನು ಆನ್ ಮಾಡಿದ. ಮಾಡಿದ್ದೇ ತಡ, ಬಡಿದುಕೊಂಡಿತು. ಆ ಕಡೆ ನಾನೇ ಇದ್ದೆ. ರಾತ್ರಿಯಿಂದ ಪ್ರಯತ್ನಿಸುತ್ತಿದ್ದೆ.

"ಎಲ್ಲಿ ಸತ್ತಿದ್ಯೋ? ಅವನು ಹೋಗ್ಬಿಟ್ಟ. ನಿನ್ನೆ ಸಂಜೆ, ದೀಪ ಹಾಕೋ ಹೊತ್ತಿಗೆ."

ವ್ಯಾನು ಹತ್ತಿ ನೇರ ತಮ್ಮನ ಮನೆಗೆ ಬಂದ. ಅಂಗಳದಲ್ಲಿ ನೆಂಟರಿಷ್ಟರು ತುಂಬಿದ್ದರು. ಕೂದಲು ಕೆದರಿಕೊಂಡು ಒಳಗೆ ನುಗ್ಗಿದವನು ತಮ್ಮನ ಮುಖ ಕೂಡ ನೋಡದೆ ಕೇಳಿದ:

"ಕಂಬ ಎಲ್ಲಿ?"

ಹೆಣ ಇನ್ನೂ ಮನೆಯಲ್ಲಿದೆ, ಇವನಿಗೆ ಪಾಲಿನ ಚಿಂತೆಯೇ? ಜನ ಥೂ ಅಂದರು. ನಾನೂ ಅಂದೆ, ಸುಳ್ಳು ಯಾಕೆ ಹೇಳಲಿ. ತಮ್ಮನ ಹೆಂಡತಿ ಮಾತ್ರ ತಲೆ ಎತ್ತಿ ಅಟ್ಟದ ಕಡೆ ಕೈ ತೋರಿಸಿದಳು.

"ಅಲ್ಲಿದೆ. ಕೊಡಲ್ಲ ಭಾವ. ಅದು ನಮ್ಮ ಪಾಲು."

ನಾನು ಏಣಿ ಹತ್ತಿ ನೋಡಿದೆ. ಕಂಬ, ಗೂಟ, ಸುತ್ತಿಗೆ, ಎಲ್ಲ ಒಂದೇ ಚೀಲದಲ್ಲಿ. ಚೀಲದ ಮೇಲೆ ಬೆರಳು ದಪ್ಪ ಧೂಳು. ಕಟ್ಟು ಬಿಚ್ಚಿಯೇ ಇರಲಿಲ್ಲ.

ಕೆಳಗೆ ಬಂದಾಗ ತಕ್ಕಡಿಯಣ್ಣ ತಮ್ಮನ ತಲೆಯ ಹತ್ತಿರ ಕುಸಿದು ಕುಳಿತಿದ್ದ. "ಬಂದಿದ್ದ... ಇವನು ಬಂದಿದ್ದ" ಅಂತ ಅದನ್ನೇ ಹೇಳುತ್ತಿದ್ದ.

"ಕರೆದಾಗ ಬರ್ಲಿಲ್ಲ, ಈಗ ಬಂದು ಅಳ್ತೀರಾ?" ಅಂದಳು ಅವಳು. ಆಮೇಲೆ ದನಿ ಇಳಿಸಿದಳು. "ಒಂದು ಮಾತು ಕೇಳ್ತೀನಿ, ಹೇಳಿ ಭಾವ. ನಿನ್ನೆ ಉಸಿರು ನಿಂತ್ಮೇಲೆ ಇವರ ಕೈ ಒರೆಸಿದ್ದು ನಾನೇ. ಏನೂ ಇರ್ಲಿಲ್ಲ. ತಿಂಗಳುಗಟ್ಟಲೆ ಒಂದು ಲೋಟ ಎತ್ತಿದವರಲ್ಲ ಇವರು. ಇದೆಲ್ಲಿಂದ ಬಂತು?"

ಹೊದಿಕೆ ಸರಿಸಿ ಬಲಗೈಯನ್ನು ಬಿಡಿಸಿ ತೋರಿಸಿದಳು. ಅಂಗೈ ತುಂಬ ಬೊಬ್ಬೆ. ತಕ್ಕಡಿಯಣ್ಣ ಹೇಳುವುದನ್ನು ನೀವು ನಂಬಬೇಡಿ, ಬೇಕಿಲ್ಲ. ಆದರೆ ಆ ಕೈಯನ್ನು ನಾನು ಮುಟ್ಟಿ ನೋಡಿದ್ದೇನೆ. ಹೆಬ್ಬೆರಳ ಬುಡದ ಬೊಬ್ಬೆ ಒಡೆದಿತ್ತು. ಇನ್ನೂ ಒದ್ದೆ ಆರಿರಲಿಲ್ಲ.