ಗಾಳಕ್ಕೆ ತಕ್ಕ ದೋಣಿ

ಮಾರ್ಚ್ ೯, ಭಾನುವಾರ, ಬೆಳಿಗ್ಗೆ ೧೦:೪೦. ದೋಣಿ ಅಂಗಡಿಯ ಸರದಿಯಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಆತನ ಕೈಯಲ್ಲಿ ಕೋಲು, ಅದರ ತುದಿಗೆ ನೊಣದಂತೆ ಕಟ್ಟಿದ ಪುಕ್ಕದ ಗಾಳ.

“ಚಾವಣಿ ದೋಣಿ ಬೇಡ ಕಣೇ. ಸಮುದ್ರದಲ್ಲಿ ಗಾಳಾನ ಹಿಂದಕ್ಕೆ ಬೀಸಿ ಮುಂದಕ್ಕೆ ಎಸೀಬೇಕು. ಕಂಬಕ್ಕೆ ಸಿಕ್ಕೊಳ್ಳುತ್ತೆ.”

“ನೆರಳಿಲ್ದೆ ನಾನು ಬರಲ್ಲ ರೀ.”

“ನೀನು ಬರ್ದಿದ್ರೆ ಹೇಗೆ? ನಂಗೆ ದೋಣಿ ನಡೆಸೋಕೆ ಬರಲ್ವಲ್ಲ!”

“ನಿನ್ನೆ ಮಹಡಿ ಮೇಲೆ ಅಭ್ಯಾಸ ಮಾಡಿದ್ರಲ್ಲ, ಏನು ಸಿಕ್ತು?”

“ನಿನ್ನ ತುರುಬು.”

“ಮೊನ್ನೆ?”

“ಅದೇ ತುರುಬು. ಗುರಿ ಕೂತಿದೆ ನೋಡು.”

“ಎಷ್ಟು ದೂರ ಹೋಗುತ್ತೆ ಈ ಗಾಳ?”

“ಅರವತ್ತಡಿ.”

“ಚಾವಣಿ ದೋಣೀನೇ ತಗೊಳ್ಳೋಣ, ನಾನು ನಡೆಸ್ತೀನಿ. ಹಿಂದೆ ಸಣ್ಣ ದೋಣಿ ಕಟ್ತೀನಿ, ಅದ್ರಲ್ಲಿ ನಿಂತು ಎಷ್ಟು ಬೇಕಾದ್ರೂ ಬೀಸಿ.”

“ಮೀನು ಸಿಕ್ರೆ?”

“ಕೂಗಿ. ಕೇಳಿಸಿದ್ರೆ ನಿಲ್ಲಿಸ್ತೀನಿ.”

ಇಬ್ಬರೂ ಅಂಗಡಿಯವನ ಬಳಿಗೆ ಹೋದರು. ಸಣ್ಣ ದೋಣಿ ಕಟ್ಟೋಕೆ ಆಕೆ ಕತ್ತರಿಸಿಕೊಂಡ ಹಗ್ಗದ ಉದ್ದ ಎಪ್ಪತ್ತು ಅಡಿ.