ಉಸಿರೆಳೆಯದ ಹಾಡು

ಹಳೆಯ ರಂಗಮಂದಿರದಲ್ಲಿ ಯಂತ್ರಸಂಗೀತದ ಒಪೆರಾ ಅರ್ಧ ಮುಗಿದು ವಿರಾಮ ಬಿಟ್ಟಿತ್ತು. ಹೆಂಡತಿ ತೀರಿಕೊಂಡ ಮೇಲೆ ಮೊದಲ ಸಲ ಹೊರಗೆ ಬಂದಿದ್ದ ಮೇಷ್ಟ್ರು, ದೇವರ ನಾಮ ಹೇಳಿಕೊಳ್ಳುತ್ತ ಕಾಫಿಯ ಸಾಲಿನಲ್ಲಿ ನಿಂತಿದ್ದರು. ಅವರ ಮುಂದೆ ಯಾರೋ ವಯಸ್ಸಾದ ತಾಯಿ, ಮಗ.

“ಅಕ್ಕನ ದನಿ ಗುರುತು ಸಿಕ್ತಾ ಅಮ್ಮಾ?”

“ಹೆತ್ತವಳಿಗೆ ಸಿಗದೇ ಇರುತ್ತೇನೋ? ಆದ್ರೆ ಅವಳು ಒಂದು ಸಲಾನೂ ಉಸಿರು ತಗೊಳ್ಳಲಿಲ್ಲ.”

“ಅಕ್ಕ ಈಗೆಲ್ಲಿದ್ದಾಳಮ್ಮ? ಸಾಯೋಕೆ ಮುಂಚೆ ಹಾಡಿದ್ದ ಟೇಪಿಂದ ದನಿ ತೆಗೆದು ಕಂಪ್ಯೂಟರ್‌ನಲ್ಲಿ ಹಾಡಿಸ್ತಾರೆ. ಉಸಿರಿನ ಸದ್ದು ಅಳಿಸಿಬಿಡ್ತಾರೆ.”

“ಟೇಪು ಕೊಟ್ಟವನು ನೀನೇ ತಾನೆ?”

“ಅವಳ ಹಾಡು ಉಳೀಲಿ ಅಂತ ಕೊಟ್ಟೆ.”

“ಎರಡು ಸಾಲು ಹಾಡಿದ್ರೆ ಏದುಸಿರು ಬಿಡ್ತಿದ್ಲು. ಕಮ್ಮಾರನ ತಿದಿ ಅಂತ ನೀನೇ ಆಡಿಕೊಳ್ತಿದ್ದೆ.”

“ಹೂಂ. ಹೊಡೆಯೋಕೆ ಬರ್ತಿದ್ಲು.”

“ಆಗಿನಿಂದ ಒಂದೇ ಸಮ ಹಾಡಿಸ್ತಿದ್ದಾರಲ್ಲೋ, ಸುಸ್ತಾಗಲ್ವೇನೋ ಮಗೂಗೆ?”

ವಿರಾಮ ಮುಗಿದ ಗಂಟೆ ಹೊಡೆಯಿತು.

“ಕಷ್ಟ ಆದ್ರೆ ಮನೆಗೆ ಹೋಗಿಬಿಡೋಣಮ್ಮ.”

“ಮನೆಗಾ? ಅವಳೊಬ್ಬಳನ್ನೇ ಆ ಕತ್ತಲಲ್ಲಿ ಬಿಟ್ಟು? ನಡಿ ಒಳಗೆ.”

ತಾಯಿ ಮಗ ಬಾಗಿಲ ಪರದೆ ಸರಿಸಿ ಮರೆಯಾದರು. ಮೇಷ್ಟ್ರ ಬಾಯಲ್ಲಿದ್ದ ದೇವರ ನಾಮ ಅರ್ಧಕ್ಕೇ ನಿಂತಿತ್ತು.