ಹನ್ನೊಂದನೇ ಬ್ಲೇಡಿನ ಗುರುತು

ಈ ಸಂಜೆಯ ಸಭೆಯನ್ನು ನಡೆಸಿಕೊಡುತ್ತಿರುವ ಅಧ್ಯಕ್ಷೆ ಶ್ರೀಮತಿ ಲೊಯಿಸ್ ಕ್ವಿಲ್ ಅವರೇ, ವಿಮಾನ ಸುರಕ್ಷತಾ ಕಚೇರಿಯಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಕ್ವಿಲ್ ಎಂಜಿನ್ ಕಾರ್ಖಾನೆಯ ಹಳೆಯ ಸಂಗಾತಿಗಳೇ, ಹೊಸಬರೇ, ಊಟ ಬೇಗ ಶುರುವಾಗಲಿ ಎಂದು ಹಿಂದಿನ ಸಾಲಿನಲ್ಲಿ ಪ್ರಾರ್ಥಿಸುತ್ತಿರುವ ಸಭಿಕರೇ,

ಮರ್ವಿನ್ ಪ್ಯಾಸ್ಕೋ ಎಂಬ ಈ ಎಪ್ಪತ್ತೆಂಟರ ಮುದುಕನ ಬಗ್ಗೆ ನೀವು ಇಷ್ಟು ಹೊತ್ತು ಆಡಿದ ಮಾತು ಕೇಳಿ, ಯಾರಪ್ಪಾ ಈ ಮಹಾನುಭಾವ ಎಂದು ನಾನೇ ಒಮ್ಮೆ ಹಿಂತಿರುಗಿ ನೋಡಿದೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಮೂರು ಆವಿಷ್ಕಾರಗಳಿವೆ. ಎಂಜಿನ್ನಿನ ಬಲವನ್ನು ಪ್ರೊಪೆಲ್ಲರಿಗೆ ಸಾಗಿಸುವ ಗೇರ್ ಪೆಟ್ಟಿಗೆ. ಅದರಲ್ಲಿ ಅರ್ಧಕ್ಕರ್ಧ ಬುದ್ಧಿ ನನ್ನ ಜೊತೆಯವರದು. ಬಿಸಿಗಾಳಿಯನ್ನು ಹಿಂದಕ್ಕೆ ಉಗುಳಿ ವಿಮಾನವನ್ನು ಮುಂದೆ ನೂಕುವ ಕೊಳವೆ. ಅದು ನೂಕಿದ್ದಕ್ಕಿಂತ ಸದ್ದು ಮಾಡಿದ್ದೇ ಹೆಚ್ಚು, ಬೇಕಾದರೆ ಕಾರ್ಖಾನೆಯಿರುವ ಬ್ಯಾಂಕ್ಸ್‌ಟೌನಿನ ನಾಯಿಗಳನ್ನು ಕೇಳಿ. ಉಳಿದದ್ದು ಬಳೆ.

ಬಳೆ ಎಂದರೆ ಏನು? ಎಂಜಿನ್ನಿನ ಹೊಟ್ಟೆಯಲ್ಲಿ ಬ್ಲೇಡುಗಳ ಚಕ್ರವೊಂದು ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗುತ್ತದೆ. ಒಂದು ಬ್ಲೇಡ್ ಮುರಿದರೂ ಅದು ಬಂದೂಕಿನ ಗುಂಡು. ಆ ಗುಂಡು ಪ್ರಯಾಣಿಕರ ಕಡೆಗೆ ಹಾರದಂತೆ ಚಕ್ರದ ಸುತ್ತ ನಾನು ತೊಡಿಸಿದ ಉಕ್ಕಿನ ಪಟ್ಟಿಯೇ ಬಳೆ. ಮುರಿದದ್ದನ್ನು ಒಳಗೇ ಹಿಡಿದಿಡುವುದಷ್ಟೇ ಅದರ ಕೆಲಸ.

ಇಪ್ಪತ್ತೆರಡು ವರ್ಷಗಳ ಹಿಂದೆ ಕೇರ್ನ್ಸ್‌ನಿಂದ ಹಾರ್ನ್ ದ್ವೀಪಕ್ಕೆ ಹೊರಟ ವಿಮಾನದಲ್ಲಿ ಹದಿನೇಳು ಜನರಿದ್ದರು. ಅವರಲ್ಲಿ ಒಂಬತ್ತು ಮಂದಿ ನೆಟ್‌ಬಾಲ್ ಆಡಿ, ಗೆದ್ದು, ಮನೆಗೆ ಮರಳುತ್ತಿದ್ದ ಹೆಣ್ಣುಮಕ್ಕಳು. ಸಮುದ್ರದ ಮೇಲೆ ಬ್ಲೇಡ್ ಮುರಿಯಿತು. ಬಳೆ ಒಂದು ಕಡೆ ಉಬ್ಬಿತೇ ಹೊರತು ಹರಿಯಲಿಲ್ಲ. ಪೈಲಟ್ ಇನ್ನೊಂದು ಎಂಜಿನ್ನಿನಲ್ಲಿ ಇಳಿಸಿದ. ಒಬ್ಬರಿಗೂ ಗಾಯವಾಗಲಿಲ್ಲ. ಆಮೇಲೆ ಬಳೆಗೂ ನನಗೂ ಬಂದ ಹೆಸರು ನಿಮಗೆ ಗೊತ್ತೇ ಇದೆ.

ನಾನು ಬರೆದು ತಂದ ಭಾಷಣ ಇಲ್ಲಿಗೆ ಮುಗಿಯುತ್ತದೆ. ವಂದನೆ ಹೇಳಿ ಕೂರಬೇಕು. ಆದರೆ ಮೂರನೆಯ ಸಾಲಿನಲ್ಲಿ, ತನ್ನ ಮಗಳು ಕಾರ್ಮೆನ್ ಪಕ್ಕದಲ್ಲಿ, ಸಾಲ್ವು ಝೆರಾಫಾ ಕೂತಿದ್ದಾನೆ. ಬಳೆಯ ಹೆಸರೆತ್ತಿದಾಗ ಅವನೂ ಚಪ್ಪಾಳೆ ತಟ್ಟಿದ. ಅದನ್ನು ನೋಡಿಯೂ ಕೂರಲು ನನ್ನಿಂದಾಗುತ್ತಿಲ್ಲ. ಈ ಕಾಗದ ಜೇಬಿಗೆ ಹೋಗಲಿ.

ಆ ಮುರಿದ ಬ್ಲೇಡನ್ನು ಕೂರಿಸಿದ ಫಿಟ್ಟರ್ ಸಾಲ್ವು. ಹತ್ತೊಂಬತ್ತನೇ ವಯಸ್ಸಿಗೆ ಮಾಲ್ಟಾದಿಂದ ಬಂದವನು, ನಮಗೆಲ್ಲ ಸ್ಯಾಲ್. ನಮ್ಮ ಜೋಡಣೆ ಶೆಡ್ಡಿಗೆ ಒಂದು ಕಟ್ಟುನಿಟ್ಟಿತ್ತು: ಒಳಗೆ ಪೆನ್ಸಿಲ್ ತರಕೂಡದು. ಪೆನ್ಸಿಲಿನ ಕಪ್ಪು ಪುಡಿ ಲೋಹಕ್ಕೆ ತಗುಲಿ ಕಾದರೆ ಅದನ್ನು ತಿನ್ನುತ್ತದೆ, ಕೂದಲೆಳೆಯ ಬಿರುಕು ಅಲ್ಲಿಂದ ಹುಟ್ಟುತ್ತದೆ. ಗುರುತು ಹಾಕಲು ಬೇರೆಯೇ ಶಾಯಿ ಇತ್ತು. ನಾನೋ ನಕ್ಷೆ ಬರೆಯುವ ಕೋಣೆಯವನು, ಕಿವಿಯ ಮೇಲೆ ಪೆನ್ಸಿಲ್ ಇಲ್ಲದಿದ್ದರೆ ತಲೆಯೇ ವಾಲುತ್ತಿತ್ತು. ಸ್ಯಾಲ್ ಬಾಗಿಲಲ್ಲೇ ಹಿಡಿಯುತ್ತಿದ್ದ.

"ಏ ಮರ್ವ್, ಕಿವಿ ಖಾಲಿ ಮಾಡ್ಕೊಂಡು ಬಾ ಮಾರಾಯ."

"ಗೊತ್ತು ಕಣೋ. ಆ ನಿಯಮ ಬರೆದೋನೇ ನಾನು."

"ಬರೆದಿದ್ದು ಯಾವುದ್ರಲ್ಲಿ? ಪೆನ್ಸಿಲ್‌ನಲ್ಲೇ ತಾನೆ?"

ಇಡೀ ಶೆಡ್ಡು ನಗುತ್ತಿತ್ತು.

ಒಂದು ಶುಕ್ರವಾರ ಎಲ್ಲರೂ ಚಹಾಕ್ಕೆ ಹೋಗಿದ್ದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಬಳೆಗೂ ಬ್ಲೇಡಿಗೂ ನಡುವಿನ ಸಂದನ್ನು ಅಳೆಯಲು ನಾನು ಒಳಗೆ ಹೋದೆ. ಹನ್ನೊಂದನೇ ಬ್ಲೇಡಿನ ಹತ್ತಿರ ಸಂದು ಬಿಗಿಯಿತ್ತು. ಮರೆಯಬಾರದೆಂದು ಆ ಬ್ಲೇಡಿನ ಮೇಲೆ ಒಂದು ಗೆರೆ ಎಳೆದೆ, ಇನ್ನೊಮ್ಮೆ ಅಳೆದೆ, ಗೆರೆಯನ್ನು ಹೆಬ್ಬೆರಳಲ್ಲಿ ಒರೆಸಿ ಹೊರಟುಹೋದೆ. ಪೆನ್ಸಿಲಿನ ಗೆರೆ, ಸಭಿಕರೇ. ಒರೆಸಿದರೆ ಸಾಲದು ಎಂದು ನಾನೇ ಬರೆದಿರಲಿಲ್ಲವೇ? ಬರೆದಿದ್ದೆ.

ಐದು ತಿಂಗಳ ಮೇಲೆ ಮುರಿದದ್ದು ಅದೇ ಹನ್ನೊಂದನೇ ಬ್ಲೇಡು.

ಕಾರ್ಖಾನೆಯೊಳಗೇ ವಿಚಾರಣೆ ಆಯಿತು. ಮೇಜಿನ ಈಚೆ ಮೂವರು, ಅವರಲ್ಲಿ ನಾನೊಬ್ಬ. ಬಿರುಕಿನ ಬುಡದಲ್ಲಿ ಕಪ್ಪು ಕಲೆ ಕಂಡಿತ್ತು. ಅದು ಹೊಗೆಯದು ಎಂದರು ಒಬ್ಬರು. ಕೂರಿಸುವಾಗ ಸುತ್ತಿಗೆಯ ಪೆಟ್ಟು ಹೆಚ್ಚಾಗಿರಬೇಕು ಎಂದರು ಇನ್ನೊಬ್ಬರು.

"ಇಲ್ಲ ಸಾರ್, ನಾನು ಹಾಗೆ ಹೊಡೆಯೋನಲ್ಲ" ಎಂದ ಸ್ಯಾಲ್. ಆಮೇಲೆ ನನ್ನ ಕಡೆ ತಿರುಗಿದ. "ಮರ್ವ್, ನೀನಾದ್ರೂ ಹೇಳೋ. ನನ್ನ ಕೆಲಸ ನೋಡಿದ್ದೀಯಲ್ಲ?"

ನಾನು ನೀರು ಕುಡಿದೆ. ಬಳೆಯ ಪೇಟೆಂಟ್ ಆ ತಿಂಗಳು ಕೈಸೇರುವುದಿತ್ತು. ಕಾಪಾಡಿದವನೇ ಕೆಡವಿದವನು ಎಂದು ಗೊತ್ತಾದರೆ ನನ್ನ ಗತಿ ಏನು? ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಹೇಡಿತನಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎಂಜಿನ್ ಸರಿಯಿದೆ ಎಂದು ಸಹಿ ಹಾಕುವ ಸ್ಯಾಲ್‌ನ ಹಕ್ಕು ಹೋಯಿತು. ಆಮೇಲೆ ಯಾರೂ ಅವನಿಗೆ ಎಂಜಿನ್ ಮುಟ್ಟಲು ಬಿಡಲಿಲ್ಲ. ಅಷ್ಟು ನಯವಾದ ಕೈ ಇದ್ದವನು ಬ್ರೆಡ್ ವ್ಯಾನ್ ಓಡಿಸಿ ಮಕ್ಕಳನ್ನು ಬೆಳೆಸಿದ. ಪ್ರತಿ ಕ್ರಿಸ್‌ಮಸ್‌ಗೆ ಅವನ ಹೆಂಡತಿ ಕರಿದ ಖರ್ಜೂರದ ತಿಂಡಿ ನಮ್ಮ ಮನೆಗೆ ಬರುತ್ತಿತ್ತು. ನಾನು ತಿನ್ನುತ್ತಿದ್ದೆ. ಹೌದು, ತಿನ್ನುತ್ತಿದ್ದೆ!

ಹೋದ ವರ್ಷ ಆಕೆ ತೀರಿಕೊಂಡಳು. ಮಣ್ಣು ಮಾಡಿದ ಮೇಲೆ ಸ್ಯಾಲ್ ನನ್ನ ತೋಳು ಹಿಡಿದುಕೊಂಡ. "ಮರ್ವ್, ಇಷ್ಟು ವರ್ಷ ನಾನಲ್ಲ, ನಾನಲ್ಲ ಅಂತಿದ್ದೆ. ಈಗ ಅನ್ಸುತ್ತೆ ಕಣೋ, ಅವತ್ತು ನನ್ನ ಕೈಯೇ ಜಾರಿರ್ಬೇಕು. ಹದಿನೇಳು ಜನಾನ ಕೊಂದುಬಿಡ್ತಿದ್ದೆ. ನಿನ್ನ ಬಳೆ ಕಾಪಾಡ್ತು. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ."

ನಾನು ಏನು ಹೇಳಿದೆ ಗೊತ್ತೇ? "ಹೋಗ್ಲಿ ಬಿಡು ಸ್ಯಾಲ್, ಎಲ್ಲರಿಂದಲೂ ತಪ್ಪಾಗುತ್ತೆ" ಎಂದೆ. ನಾನು ಅವನನ್ನು ಕ್ಷಮಿಸಿದೆ, ಸಭಿಕರೇ! ನಾನು!

ಅಧ್ಯಕ್ಷರೇ, ಈ ಸನ್ಮಾನದ ಫಲಕ ನಿಮ್ಮ ಹತ್ತಿರವೇ ಇರಲಿ. ಮುಖ್ಯ ಅತಿಥಿಗಳೇ, ಈಗ ಹೇಳಿದ್ದನ್ನೆಲ್ಲ ಬರೆದುಕೊಳ್ಳಿ, ಊಟಕ್ಕೆ ಮೊದಲೇ ಸಹಿ ಹಾಕುತ್ತೇನೆ. ಕಾರ್ಮೆನ್, ನೀನು ಎದ್ದು ನಿಂತದ್ದು ಕಾಣುತ್ತಿದೆ ಮಗಳೇ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಹೋಗು, ತಪ್ಪಿಲ್ಲ. ನಿನ್ನ ಅಪ್ಪನನ್ನು ಮಾತ್ರ ಒಂದು ನಿಮಿಷ ಕೂರಲು ಬಿಡು.

ಸ್ಯಾಲ್, ಕೇಳಿಸ್ತಿದೆಯಾ? ನಿನ್ನ ಕೈ ಜಾರ್ಲಿಲ್ಲ ಕಣೋ. ಅವತ್ತೂ ಇಲ್ಲ, ಯಾವತ್ತೂ ಇಲ್ಲ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಋಣಿ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ನಮಸ್ಕಾರ.